ವ್ಯಾಕರಣ ಪೊಲೀಸರು ಬೇಕಾಗಿದ್ದಾರೆ

ಇಂಗ್ಲಿಷ್ ವ್ಯಾಕರಣ ಪೊಲೀಸ್ ಹುದ್ದೆಗೆ ಎತ್ತರ, ಎದೆ ಸುತ್ತಳತೆಯ ಷರತ್ತಿಲ್ಲ. ಇನ್ನೊಬ್ಬರ ಅಪಾಸ್ಟ್ರಫಿ (ಅಕ್ಷರದ ಪಕ್ಕ ಮೇಲೆ ಹಾಕುವ ’ ಚಿಹ್ನೆ) ಜಾಗ ತಪ್ಪಿದ್ದು ಕಂಡ ಕೂಡಲೇ ಮೈ ಉರಿದೇಳಬೇಕು. ಅವರು ಏನು ಹೇಳಲು ಹೊರಟಿದ್ದರು ಎಂಬುದು ಕಿವಿಗೆ ಬೀಳಬಾರದು. ಇವೆರಡಿದ್ದರೆ ಸಾಕು. ಸಂಬಳವಿಲ್ಲ, ರಜೆಯೂ ಇಲ್ಲ.

ಮೊದಲ ಡ್ಯೂಟಿ ‘ಇಟ್ಸ್’ ಮೇಲೆ. ‘ಅದರ’ ಎಂಬ ಅರ್ಥವಿದ್ದರೆ ಚಿಹ್ನೆ ಬೇಡ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಕುಗ್ಗಿದ್ದರೆ ಬೇಕು. ಇಲ್ಲಿ ಸಿಕ್ಕಿಬೀಳುವವರೆಲ್ಲ ನಿಯಮ ಪಾಲಿಸಲು ಹೋದವರೇ. ನಾಯಿಯ ಬಾಲ, ರಾಜನ ಕಿರೀಟ ಎನ್ನುವಾಗ ಅಪಾಸ್ಟ್ರಫಿ ಹಾಕು ಎಂದು ಕಲಿಸುತ್ತಾರೆ. ಅದೇ ನಾಯಿಯ ಜಾಗಕ್ಕೆ ಸರ್ವನಾಮ ಬಂದಾಗಲೂ ಹಾಕಿದರೆ ಕಿವಿ ಹಿಂಡುತ್ತಾರೆ. 17, 18ನೇ ಶತಮಾನಗಳಲ್ಲಿ ಚೆನ್ನಾಗಿ ಓದಿಕೊಂಡವರೂ ‘ಅದರ’ ಎಂಬುದಕ್ಕೆ ಅಪಾಸ್ಟ್ರಫಿ ಹಾಕುತ್ತಿದ್ದರು. 1787ರ ಅಮೆರಿಕ ಸಂವಿಧಾನದ ಮೂಲಪ್ರತಿಯಲ್ಲಿ, ಮೊದಲ ವಿಧಿಯ 10ನೇ ಸೆಕ್ಷನ್ನಿನಲ್ಲಿ, ಅದು ಇವತ್ತಿಗೂ ನೆಮ್ಮದಿಯಾಗಿ ಕೂತಿದೆ. ಎಫ್‌ಐಆರ್ ಹಾಕಲು ಧೈರ್ಯವಿದ್ದವರು ಮುಂದೆ ಬರಬಹುದು. ಅಂದಹಾಗೆ, ಕಿವಿಗೆ ಎರಡೂ ಒಂದೇ. ಮಾತಾಡುವಾಗ ‘ಇದು ಯಾವ ಇಟ್ಸ್?’ ಎಂದು ಯಾರೂ ತಡೆದು ಕೇಳುವುದಿಲ್ಲ.

ಇನ್ನೊಂದು ಕೇಸು ಪೊಲೀಸರ ಕಣ್ಣಿಗೇ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ 90ರ ದಶಕ ಎಂದು ಚುಟುಕಾಗಿ ಬರೆಯುವಾಗ ಅಂಕಿಯ ಮುಂದೆ ಬರಬೇಕಾದ್ದು ಅಪಾಸ್ಟ್ರಫಿ, ಅಂದರೆ 9ರ ಆಕಾರದ್ದು. ಹಿಂದೆ ಖಾಲಿ ಜಾಗವಿದ್ದರೆ ಸಾಫ್ಟ್‌ವೇರ್ ಅದನ್ನು ಉದ್ಧರಣೆಯ ಆರಂಭವೆಂದು ತಿಳಿದು 6ರ ಆಕಾರದ್ದನ್ನು ತಂದು ಕೂರಿಸುತ್ತದೆ. ಕೀಲಿಯನ್ನು ಎರಡು ಸಲ ಒತ್ತಿ ಮೊದಲನೆಯದನ್ನು ಅಳಿಸಿದರೆ ಸರಿಹೋಗುತ್ತದೆ. ತಲೆಕೆಳಗಾದ ಈ ಚಿಹ್ನೆ ಜಾಹೀರಾತುಗಳಲ್ಲಿ ರಾಜಾರೋಷವಾಗಿ ಓಡಾಡುತ್ತಿದ್ದರೂ ಒಂದು ದೂರು ಬರುವುದಿಲ್ಲ. ಶಾಲೆಯಲ್ಲಿ ಹೇಳಿಕೊಡದ ತಪ್ಪಿಗೆ ಸಿಟ್ಟು ಬರುವುದಾದರೂ ಹೇಗೆ?

ಕಾನೂನು ಪುಸ್ತಕದ ಮೂಲ ಕೆದಕುವುದು ಇಲಾಖೆಯಲ್ಲಿ ನಿಷಿದ್ಧ. ಕೆದಕಿದರೆ ಸಿಗುವುದು ಯಾರದೋ ಒಬ್ಬರ ಅಭಿರುಚಿ. 1672ರಲ್ಲಿ ಇಂಗ್ಲಿಷ್ ಕವಿ ಜಾನ್ ಡ್ರೈಡನ್, ನಾಟಕಕಾರ ಬೆನ್ ಜಾನ್ಸನ್ ಬರೆದ ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ (‘ಇನ್’, ‘ಫ್ರಮ್’ ಥರದ ಪದ) ಕಂಡು ಮೂಗು ಮುರಿದ. ಆಮೇಲೆ ತನ್ನ ಬರಹದಲ್ಲೂ ಅದೇ ಇದೆಯೆಂದು ಹೊಳೆದು ತಿದ್ದಲು ಕೂತ. ಕಡಿಮೆ ಎನ್ನಲು ‘ಲೆಸ್’ ಬೇಡ, ಎಣಿಸಬಹುದಾದ್ದಕ್ಕೆ ‘ಫ್ಯೂಯರ್’ ವಾಸಿ ಎಂದು 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕ ತನ್ನ ಇಷ್ಟ ಹೇಳಿಕೊಂಡಿದ್ದಷ್ಟೇ. ಅದೇ ಶಾಸನವಾಗಿ, 2008ರಲ್ಲಿ ಬ್ರಿಟನ್ನಿನ ಟೆಸ್ಕೊ ಮಳಿಗೆಗಳು ಹತ್ತು ವಸ್ತುಗಳ ಬಿಲ್ಲಿಂಗ್ ಕೌಂಟರಿನ ಫಲಕದಿಂದ ‘ಲೆಸ್’ ಕಿತ್ತವು. ‘ಫ್ಯೂಯರ್’ ಹಾಕುವ ಧೈರ್ಯವೂ ಸಾಲದೆ ‘10ರವರೆಗೆ’ ಎಂದು ಬರೆದು ಪಾರಾದವು. ‘ಟು’ ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ತೂರಿಸಬೇಡಿ ಎಂದು 1864ರಲ್ಲಿ ಆಕ್ಷೇಪಿಸಿದ ಹೆನ್ರಿ ಆಲ್ಫರ್ಡ್ ಕ್ಯಾಂಟರ್ಬರಿಯ ಡೀನ್. ಧರ್ಮಗುರುವಿನ ಬಾಯಿಂದ ಬಂದದ್ದಕ್ಕೋ ಏನೋ, ಅದನ್ನು ಮೀರಿದರೆ ಇವತ್ತಿಗೂ ಪಾಪವೆಂದು ನಂಬುವವರಿದ್ದಾರೆ.

ಸರ್ಕಾರಗಳದ್ದು ಬೇರೆಯೇ ವರಸೆ. ಅಲ್ಲಿ ಅಪಾಸ್ಟ್ರಫಿಗೇ ಗಡೀಪಾರು. ಅಮೆರಿಕದ ಭೌಗೋಳಿಕ ಹೆಸರುಗಳ ಮಂಡಳಿ 1890ರಿಂದಲೂ ಊರು, ಬೆಟ್ಟಗಳ ಹೆಸರಿನಿಂದ ಅದನ್ನು ಹೊರಗಟ್ಟುತ್ತ ಬಂದಿದೆ. ಮಾರ್ಥಾಸ್ ವಿನ್ಯರ್ಡ್ ದ್ವೀಪಕ್ಕೆ ವಿನಾಯಿತಿ ಸಿಕ್ಕಿದ್ದು 1933ರಲ್ಲಿ. 2009ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತ ಬೀದಿ ಫಲಕಗಳಿಗೆ ಚಿಹ್ನೆ ಬೇಡವೆಂದಿತು. 2024ರಲ್ಲಿ ನಾರ್ತ್ ಯಾರ್ಕ್‌ಷೈರ್ ಕೌನ್ಸಿಲ್ ಕೂಡ ಹಾಗೇ ಹೇಳಿತು, ಡೇಟಾಬೇಸ್ ಹುಡುಕಾಟಕ್ಕೆ ತೊಡಕಂತೆ. ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ ಎಸ್‌ಕ್ಯುಎಲ್‌ನಲ್ಲಿ ಆ ಗೆರೆ ಕಂಡರೆ ಪಠ್ಯ ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ, ನಿಜ. ಚಿಹ್ನೆಯನ್ನು ಎರಡು ಸಲ ಬರೆದರೆ ಅಥವಾ ಹೆಸರನ್ನು ಪ್ಯಾರಾಮೀಟರ್ ಆಗಿ, ಅಂದರೆ ಆಜ್ಞೆಯಿಂದ ಬೇರೆಯಾಗಿ, ಕಳಿಸಿದರೆ ತೊಂದರೆ ತೀರಿತು. ಪ್ರೋಗ್ರಾಮ್ ಬರೆಯಲು ಕಲಿಯುವವರಿಗೆ ಶುರುವಿನಲ್ಲೇ ಹೇಳಿಕೊಡುವ ಪಾಠ ಇದು. ಯಂತ್ರವನ್ನು ತಿದ್ದುವುದಕ್ಕಿಂತ ಸೇಂಟ್ ಮೇರಿಯನ್ನು ತಿದ್ದುವುದು ಸುಲಭವೆನಿಸಿತು. ಹ್ಯಾರೊಗೇಟ್‌ನಲ್ಲಿ ಆಕೆಯ ಹೆಸರಿನ ಬೀದಿಯ ಫಲಕಕ್ಕೆ ಯಾರೋ ಪೆನ್ನಿನಿಂದ ಅಪಾಸ್ಟ್ರಫಿ ಗೀಚಿಹೋದರು. ಅಪಾಸ್ಟ್ರಫಿಯನ್ನು ಕಾಪಾಡಲೆಂದೇ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತ 2001ರಲ್ಲಿ ಒಂದು ಸಂಘ ಕಟ್ಟಿದ್ದರು. 2019ರಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವೆಂದು ಹೇಳಿ ಬಾಗಿಲು ಹಾಕಿದರು.

ಇಷ್ಟೆಲ್ಲ ಬಂದೋಬಸ್ತು ಇದ್ದರೂ ನಿಜವಾದ ಕಳ್ಳತನವಾದ ಕಡೆ ಒಬ್ಬ ಪೊಲೀಸನೂ ಇರಲಿಲ್ಲ. ಅಮೆರಿಕದ ಮೇನ್ ರಾಜ್ಯದ ಕಾನೂನು, ಹೆಚ್ಚುವರಿ ದುಡಿಮೆಯ ಕೂಲಿ ಯಾವ ಕೆಲಸಕ್ಕೆ ಇಲ್ಲವೆಂದು ಪಟ್ಟಿ ಮಾಡಿತ್ತು: ಆಹಾರ ಒಣಗಿಸುವುದು, ಮಾರುವುದು, ದಾಸ್ತಾನಿಡುವುದು, ಹೀಗೆ ಸಾಗಿ ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’. ‘ಆರ್’ಗೆ ಮುಂಚೆ ಅಲ್ಪವಿರಾಮವಿಲ್ಲ. ಹಾಗಾದರೆ ಕೂಲಿ ಇಲ್ಲದ್ದು ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದಕ್ಕೆ ಮಾತ್ರವೇ, ಅಥವಾ ವಿತರಣೆ ಮಾಡುವ ಕೆಲಸಕ್ಕೂ ಸೇರಿಯೇ? ಓಕ್‌ಹರ್ಸ್ಟ್ ಡೇರಿಯ ಹಾಲಿನ ಟ್ರಕ್ ಚಾಲಕರು ವಿತರಿಸುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ಕಾನೂನೇ ಅಸ್ಪಷ್ಟವೆಂದು ಚಾಲಕರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ತಮಾಷೆಯೆಂದರೆ ಆ ಅಲ್ಪವಿರಾಮವನ್ನು ಯಾರೂ ಮರೆತಿರಲಿಲ್ಲ. ಪಟ್ಟಿಯ ಕೊನೆಯ ‘ಆರ್’ ಹಿಂದೆ ಅದನ್ನು ಹಾಕಬೇಡಿ ಎಂದು ಮೇನ್‌ನಲ್ಲಿ ಕಾನೂನು ಕರಡು ಬರೆಯುವವರ ಕೈಪಿಡಿಯೇ ಹೇಳುತ್ತಿತ್ತು.

ತೀರ್ಪು ಬಂದ ಮೇಲೆ ಶಾಸಕರು ಕಾನೂನು ತಿದ್ದಿದರು. ಅಲ್ಪವಿರಾಮದ ಸಹವಾಸವೇ ಬೇಡವೆಂದು ಒಣಗಿಸುವುದಕ್ಕೊಂದು, ಮಾರುವುದಕ್ಕೊಂದು, ದಾಸ್ತಾನಿಗೊಂದು ಅರ್ಧವಿರಾಮ ಜಡಿದರು. ಒಂಟಿ ಪದಗಳ ಪಟ್ಟಿಗೆ ಹೀಗೆ ಅರ್ಧವಿರಾಮ ಹಾಕಿದ ವಿದ್ಯಾರ್ಥಿಯ ಅಂಕ ಹಾರಿಹೋಗುತ್ತದೆ. ಮೇನ್‌ನಲ್ಲಿ ಅದೇ ಕಾನೂನಾಯಿತು.