ಕಾರಿನ ಭುಜಬಲ ಪರಾಕ್ರಮ

ಇದ್ದ ಕಾರನ್ನೇ ಅಗಲ ಮಾಡಿಸುವ ಆಸೆ ನನಗೇಕೆ ಹುಟ್ಟಿತು ಎಂಬುದಕ್ಕೆ ನನ್ನ ಹೆಂಡತಿಯ ಬಳಿ ಸಿದ್ಧ ಉತ್ತರವಿದೆ: 'ನೀವು ಅಗಲವಾಗುತ್ತಿದ್ದೀರಿ, ಅದೂ ಜೊತೆ ಕೊಡಲಿ ಅಂತ.' ಕಾರಣ ಅದಲ್ಲ. ಮೈ ಅಗಲ ಮಾಡುವ ವೈಡ್‌ಬಾಡಿ ಕಿಟ್ ಹಾಕಿಸಿಕೊಂಡು, ಚಕ್ರದ ಮೇಲಿನ ಹೊದಿಕೆಯನ್ನು, ಅಂದರೆ ಫೆಂಡರನ್ನು, ಉಬ್ಬಿಸಿಕೊಂಡ ಕಾರೊಂದು ಪಕ್ಕದಲ್ಲಿ ಬಂದು ನಿಂತರೆ ನನ್ನದು ಕೈಕಟ್ಟಿ ನಿಂತ ಗುಮಾಸ್ತನಂತೆ ಕಾಣುತ್ತದೆ.

ಈ ಉಬ್ಬಿಗೆ ಘನವಾದ ವಂಶಾವಳಿಯೂ ಇದೆ. ಗ್ರೂಪ್ 5 ಎಂಬ ಕಾರು ರೇಸ್ ವರ್ಗದ 1976ರ ನಿಯಮಗಳು ಬಾನೆಟ್, ಛಾವಣಿ, ಬಾಗಿಲುಗಳನ್ನು ಮುಟ್ಟಬೇಡಿ ಎಂದವು; ಫೆಂಡರ್ ವಿಷಯದಲ್ಲಿ ಮಾತ್ರ ಧಾರಾಳವಾಗಿದ್ದವು. ಪೋರ್ಷೆ 935 ಎಂಬ ರೇಸ್ ಕಾರು ಸಿಕ್ಕ ಸಲುಗೆಯಲ್ಲಿ ಹಿಗ್ಗಿತು. ಅದಕ್ಕೆ ಅಗಲವಾದ ಟಯರ್ ಬೇಕಿತ್ತು, ಟಯರ್ ಮುಚ್ಚಲು ಫೆಂಡರ್ ಬೇಕಿತ್ತು. ನನ್ನದು ತಿರುಗಾಮುರುಗಾ. ಮೊದಲು ಫೆಂಡರ್, ಆಮೇಲೆ ಅದರೊಳಗಿನ ಖಾಲಿ ಜಾಗ ತುಂಬಲು ಅಗಲ ರಿಮ್ ಅಥವಾ ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆಯಾದ ಸ್ಪೇಸರ್. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿಗೆ ಹೊರೆ ಹೆಚ್ಚು. ಅಗಲ ಟಯರ್ ರಸ್ತೆಯ ನೀರಿನ ಮೇಲೆ ಬೇಗ ತೇಲುತ್ತದೆ. ಎಂಜಿನ್ ಮಾತ್ರ ಅದೇ ಬಡಪಾಯಿ. ವಿಮೆಯವರಿಗೆ ಇದನ್ನೆಲ್ಲ ವಿವರಿಸುವ ಕೆಲಸ ಬೇರೆ.

ಇಷ್ಟಾದರೂ ಆಸೆ ಬಿಡಲಿಲ್ಲ, ಟಿಂಕರಿಂಗ್ ಮೇಸ್ತ್ರಿಯನ್ನು ಕಂಡೆ. ಆತ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು, ಫೆಂಡರನ್ನು ಬೆರಳಿನಿಂದ ಬಡಿದು ನೋಡಿ, ಕಪ್ಪು ಮಾರ್ಕರ್ ತೆಗೆದು ಚಕ್ರದ ಸುತ್ತ ಬಿಲ್ಲಿನಂಥ ಗೆರೆ ಎಳೆದ. 'ಇಲ್ಲಿಯವರೆಗೆ ಕತ್ತರಿಸಬೇಕು ಸಾರ್.' ಹೊರತಗಡೂ ಹೋಗಬೇಕು, ಒಳತಗಡೂ ಹೋಗಬೇಕು. ಕತ್ತರಿಸಿದ ಅಂಚುಗಳನ್ನು ಬೆಸೆದು ಸೀಲ್ ಮಾಡದಿದ್ದರೆ ನೀರು ನುಗ್ಗಿ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಫೈಬರ್‌ಗ್ಲಾಸ್ ಉಬ್ಬು, ರಿವೆಟ್, ಪುಟ್ಟಿ, ಬಣ್ಣ. ಮುಂದಿನ ಫೆಂಡರ್ ಬೋಲ್ಟ್ ಬಿಚ್ಚಿದರೆ ಕಳಚಿಬರುತ್ತದೆ, ಬೇಡವೆನಿಸಿದರೆ ಬೇರೆಯದನ್ನು ಹಾಕಬಹುದು. ಹಿಂದಿನದು ಕಾರಿನ ಮೈಗೇ ಬೆಸೆದುಕೊಂಡದ್ದು.

'ಆಮೇಲೆ ಮನಸ್ಸು ಬದಲಾದರೆ?' ಎಂದೆ.

'ಕತ್ತರಿಸುವ ತನಕ ಎಷ್ಟು ಬೇಕಾದರೂ ಬದಲಾಗಲಿ ಸಾರ್' ಎಂದು ಆತ ಉದಾರವಾಗಿ ನಕ್ಕ. ಗೆರೆ ಈಗಲೂ ಇದೆ. ಎಷ್ಟು ಉಜ್ಜಿದರೂ ಕಾರಿನ ಬಣ್ಣ ಮಾಸುತ್ತದೆಯೇ ಹೊರತು ಅದು ಮಾಸುವುದಿಲ್ಲ.

ನೋಟ ಹೇಗಿರುತ್ತದೋ ನೋಡಿಯೇಬಿಡೋಣ ಎಂದು ಫ್ರಿಜ್ಜಿನ ರಟ್ಟಿನ ಡಬ್ಬವನ್ನು ಕತ್ತರಿಸಿ ನಾಲ್ಕೂ ಚಕ್ರಗಳ ಮೇಲೆ ಟೇಪಿನಿಂದ ಅಂಟಿಸಿದೆ. ಒಂದರ ಮೇಲೆ 'ಈ ಬದಿ ಮೇಲಿರಲಿ' ಎಂಬ ಸೂಚನೆ ತಲೆಕೆಳಗಾಗಿ ಕುಳಿತಿತ್ತು. ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದರೆ, ನಿಜ ಹೇಳುತ್ತೇನೆ, ಗತ್ತು ಬಂದಿತ್ತು. ಪಕ್ಕದ ಮನೆಯವರು ಓಡಿಬಂದು, 'ಅಯ್ಯೋ, ಎಲ್ಲಿ ಗುದ್ದಿದಿರಿ? ಯಾರಿಗೂ ಏನೂ ಆಗಿಲ್ಲ ತಾನೆ?' ಎಂದು ಕೇಳಿದರು. ಉತ್ತರ ಹೊಳೆಯದೆ 'ಇಲ್ಲ, ಸದ್ಯ' ಎಂದೆ. ಅವರು ಸಮಾಧಾನಪಟ್ಟುಕೊಂಡು ಹೋದರು.

ಅಷ್ಟರಲ್ಲಿ ಹೆಂಡತಿ ಅಳತೆ ಪಟ್ಟಿ ಹಿಡಿದು ಶೆಡ್ಡಿನೊಳಗೆ ನಿಂತಿದ್ದಳು. ನಮ್ಮದು ಇಕ್ಕಟ್ಟಿನ ಶೆಡ್. ಕಾರನ್ನು ಒಂದು ಗೋಡೆಗೆ ಒತ್ತಿ ನಿಲ್ಲಿಸಿ, ಇನ್ನೊಂದು ಕಡೆ ಉಸಿರು ಬಿಗಿಹಿಡಿದು ಇಳಿಯುವುದು ರೂಢಿ. ಅವಳು ಗೋಡೆ ಅಳೆದಳು, ರಟ್ಟು ಅಳೆದಳು, ನನ್ನ ಹೊಟ್ಟೆಯ ಕಡೆಯೂ ಒಮ್ಮೆ ನೋಡಿದಳು.

'ಹಾಕಿಸಿಕೊಳ್ಳಿ ರೀ, ನನ್ನದೇನೂ ಅಡ್ಡಿಯಿಲ್ಲ. ಕಾರು ಒಳಗೆ ಹಿಡಿಸುತ್ತದೆ. ನೀವು ಇಳಿಯುವ ಹಾಗಿಲ್ಲ, ಅಷ್ಟೆ.'

ಹಿಂದಿನ ಸೀಟು ಮಡಚಿದರೆ ಡಿಕ್ಕಿಯ ಮೂಲಕ ಹೊರಬರಬಹುದೇ ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.