ಓಟ್ ಹಾಕದವ್ರನ್ನ ಗ್ರೀಕರು 'ಈಡಿಯಟ್' ಅಂತ ಬೈತಿದ್ರಾ? - ಸತ್ಯಾಂಶ

ಎಲೆಕ್ಷನ್ ಬಂದ್ರೆ ಸಾಕು, ಒಂದು ಫಾರ್ವರ್ಡ್ ಓಡಾಡುತ್ತೆ: ಪ್ರಾಚೀನ ಅಥೆನ್ಸ್‌ನಲ್ಲಿ ಓಟ್ ಹಾಕದವ್ರನ್ನ ಈಡಿಯಟ್ ಅಂತಿದ್ರು, ಆ ಬೈಗುಳವೇ ಇಂಗ್ಲಿಷ್‌ಗೆ ಬಂತು ಅಂತ. ಅದು ಹಾಗಲ್ಲ.

ಗ್ರೀಕ್ ಮೂಲ 'ಇದಿಯೋಟೀಸ್', ಅದು 'ಇದಿಯೋಸ್' ಅಂದ್ರೆ 'ಸ್ವಂತದ್ದು' ಅನ್ನೋದರಿಂದ ಬಂದಿದ್ದು. ಯಾವ ಅಧಿಕಾರದಲ್ಲೂ ಇಲ್ಲದ ಸಾಮಾನ್ಯ ಮನುಷ್ಯ ಅಂತಷ್ಟೇ ಅರ್ಥ, ವೈದ್ಯರ ಮುಂದೆ ವೈದ್ಯ ಅಲ್ಲದವನು, ಕಸುಬು ಗೊತ್ತಿರೋನ ಮುಂದೆ ಗೊತ್ತಿಲ್ಲದವನು, ಎಲ್ರೂ ಇದಿಯೋಟೀಸೇ, ಸಭೆಗೆ ತಪ್ಪದೆ ಹೋಗಿ ಕೈ ಎತ್ತಿ ಓಟ್ ಹಾಕೋನೂ ಸೇರಿ. ಸಾರ್ವಜನಿಕ ವಿಷಯದಲ್ಲಿ ಭಾಗವಹಿಸದವ್ರನ್ನ ಅಥೆನ್ಸ್‌ನ ನಾಯಕ ಪೆರಿಕ್ಲಿಸ್ ಟೀಕಿಸಿದ್ದು ನಿಜ, ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದಿಟ್ಟ ಪೆರಿಕ್ಲಿಸ್ ಭಾಷಣದಲ್ಲಿ ಅದಿದೆ, ಆದ್ರೆ ಅಲ್ಲಿ ಬಳಸಿರೋದು 'ಉಪಯೋಗಕ್ಕೆ ಬಾರದವನು' ಅನ್ನೋ ಬೇರೆ ಪದ. ಫಾರ್ವರ್ಡ್ ಮಾಡೋರು ಇದನ್ನ ಗಮನಿಸ್ಲೇಬೇಕು.

ದಡ್ಡ ಅನ್ನೋ ಅರ್ಥ ನಿಧಾನಕ್ಕೆ ಅಂಟಿಕೊಂಡಿದ್ದು. ಲ್ಯಾಟಿನ್‌ನಲ್ಲಿ ಓದುಬರಹ ಇಲ್ಲದವನು ಅಂತಾಯ್ತು, ಫ್ರೆಂಚ್ ಮೂಲಕ ಸುಮಾರು 14ನೇ ಶತಮಾನದಲ್ಲಿ ಇಂಗ್ಲಿಷ್ ಸೇರ್ತು, ಆಮೇಲೆ ಇಂಗ್ಲೆಂಡ್ ಕಾನೂನಿನಲ್ಲಿ ಹುಟ್ಟಿನಿಂದಲೇ ಬುದ್ಧಿಮಾಂದ್ಯ ಇರೋರಿಗೆ ಇದೇ ಪದ. 20ನೇ ಶತಮಾನದ ಶುರುವಿನಲ್ಲಿ ಡಾಕ್ಟರ್‌ಗಳೂ ಐಕ್ಯೂ ನೋಡಿ ಇದನ್ನೇ ಬರೀತಿದ್ರು, ನನಗೆ ನಿಜಕ್ಕೂ ಬೇಜಾರಾಗೋದು ಈ ಭಾಗವೇ. ಈಗ ವೈದ್ಯಕೀಯದಲ್ಲಿ ಈ ಪದ ಕೈಬಿಟ್ಟಿದಾರೆ.