ಸ್ಪಷ್ಟನೆ: ಎರಡು ಗಂಡು ಫೈಟರ್ ಮೀನು ಒಂದೇ ತೊಟ್ಟಿಯಲ್ಲಿ ಬೇಡ

"ಎರಡು ಗಂಡು ಫೈಟರ್ ಮೀನುಗಳನ್ನು ಒಟ್ಟಿಗೆ ಬಿಡಿ, ಎರಡು ದಿನ ಜಗಳವಾಡಿ ಆಮೇಲೆ ಹೊಂದಿಕೊಳ್ಳುತ್ತವೆ" ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಗಂಡು ಫೈಟರ್ ತನ್ನ ಜಾಗ ಕಾಯುವ ಮೀನು. ಅದರ ತವರಾದ ಥಾಯ್ಲೆಂಡ್‌ನ ಗದ್ದೆ, ಹಳ್ಳಗಳಲ್ಲಿ ಸೋತದ್ದು ದೂರ ಈಜಿ ಹೋಗುತ್ತದೆ, ಜಗಳ ಅಲ್ಲಿಗೇ ಮುಗಿಯುತ್ತದೆ. ಗಾಜಿನ ತೊಟ್ಟಿಯಲ್ಲಿ ಓಡಲು ಜಾಗ ಎಲ್ಲಿದೆ? ಗೆದ್ದದ್ದು ಅಟ್ಟಿಸಿಕೊಂಡು ಕಚ್ಚುತ್ತಲೇ ಇರುತ್ತದೆ. ಹರಿದ ರೆಕ್ಕೆಗೆ ಸೋಂಕು ತಗುಲಿದರೆ ಮೀನು ಸಾಯಲೂಬಹುದು. ಎರಡನೇ ದಿನ ಒಂದು ಮೀನು ಮೂಲೆಯಲ್ಲಿ ಸುಮ್ನೆ ನಿಂತಿದ್ದರೆ ಅದು ಸ್ನೇಹವಲ್ಲ, ಪಾಪ, ಹೆದರಿದೆ ಅಷ್ಟೇ.

ಒಂದು ತೊಟ್ಟಿಗೆ ಒಂದೇ ಗಂಡು. ಈಗಾಗಲೇ ಬಿಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಇನ್ನೊಂದು ತೊಟ್ಟಿ ಸಿಗುವವರೆಗೆ ನಡುವೆ ಆಚೆ ಕಾಣದಂಥ ತಡೆ ಹಾಕಿ. ಆ ಮೆಸೇಜನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.